ಟೊಂಗೆ ಹಾರಿದ ಹುಡುಗ

ಕಡರನಾಯಕನಹಳ್ಳಿಯ ನಮ್ಮ ಅಕ್ಕನ ಮಗ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಸೇರಿ ವರ್ಷ ತುಂಬುತ್ತಲೇ ಕಂಪ್ಯೂಟರ್ ಸೈನ್ಸಿಗೆ ಹಾರಿದ. "ಬ್ರಾಂಚ್ ಚೇಂಜ್ ಆತು ಮಾವ" ಅಂತ ಫೋನು. ಅಕ್ಕ ಮಾತ್ರ ಓಣಿಗೆಲ್ಲ "ನಮ್ಮ ಹುಡುಗ ಇಂಜಿನಿಯರಿಂಗ್ ಬಿಟ್ಟು ಕಂಪ್ಯೂಟರ್ ತಗೊಂಡ" ಅಂತ ಸಕ್ಕರೆ ಹಂಚಿದಳು. ಅದೂ ಇಂಜಿನಿಯರಿಂಗೇ ಅಕ್ಕಾ ಅಂದೆ. "ಕೈಗೆ ಗ್ರೀಸ್ ಹತ್ತಲ್ಲಂತಲ್ಲೋ, ಅದೆಂಥ ಇಂಜಿನಿಯರಿಂಗು?" ಅಂದಳು.

ಭಾವನ ಪಾಡು ಬೇರೆ. ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಎರಡಿವೆ ಅಂದಾಗ, "ಹಾಸ್ಟೆಲ್ಲು ಪಕ್ಕದಾಗೇ ಐತಲ್ಲ, ಒಂದು ಸಾಲದಾ?" ಅಂದ ಪುಣ್ಯಾತ್ಮ.

ಬ್ರಾಂಚ್ ಬದಲಾಯಿಸೋದು ಬಸ್ಸಿನ ಸೀಟು ಬದಲಾಯಿಸಿದಂತಲ್ಲ. ಎರಡನೇ ವರ್ಷಕ್ಕೆ ಅಲ್ಲೊಂದು ಸೀಟು ಖಾಲಿ ಇರಬೇಕು, ಇವನ ಅಂಕ ಉಳಿದವರಿಗಿಂತ ಮೇಲಿರಬೇಕು. ಮೆಕ್ಯಾನಿಕಲ್ ಬಿಡೋಕೂ ಮೆಕ್ಯಾನಿಕಲ್‌ನಲ್ಲಿ ಜಾಣನಾಗಿರಬೇಕು ನೋಡಿ!

ಮುನಿಸಿಕೊಂಡವರು ಅವನಜ್ಜ. ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮೇಲೇ ತಲೆ ನರೆಸಿಕೊಂಡವರು. 1941ರಲ್ಲಿ ಶುರುವಾದ ಕಾರ್ಖಾನೆ; ಹೆಣ್ಣು ಕೊಡೋರು ಗದ್ದೆ ಎಷ್ಟಂತ ಕೇಳೋಕೆ ಮುಂಚೆ ಶಿಫ್ಟ್ ಯಾವುದು ಅಂತ ಕೇಳ್ತಿದ್ದರಂತೆ. ಅದೀಗ ಮುಚ್ಚಿದೆ. ಅಜ್ಜ ಮಾತ್ರ ಇವತ್ತಿಗೂ ಚಮಚ ಕಂಡರೆ ಮೊದಲು ಅಂಚು ಸವರಿ ನೋಡ್ತಾರೆ.

ಮೊಮ್ಮಗ ಸಮಾಧಾನಕ್ಕೆ ನೋಟ್‌ಬುಕ್ ತೆಗೆದು ಕಂಪ್ಯೂಟರ್ ಪಾಠದ 'ಟ್ರೀ' ಬರೆದು ತೋರಿಸಿದ. ಬೇರು ಮೇಲೆ, ಟೊಂಗೆ ಕೆಳಗೆ. ಅಜ್ಜ ಕನ್ನಡಕ ಏರಿಸಿ, "ಗೀತೇಲಿ ಬರೋ ಅಶ್ವತ್ಥ ಮರ ಅಲ್ಲೇನಲೇ ಇದು? ಇದಕ್ಕೆ ಫೀಸ್ ಬೇರೆ ಕಟ್ಟೀಯೇನು?" ಅಂದರು.

ಮರುದಿನ ಅವನನ್ನು ಹರಿಹರದ ಒಂದು ವರ್ಕ್‌ಶಾಪಿಗೆ ಎಳೆದೊಯ್ದರು. ನಾನೂ ಬಾಲ. ಅಲ್ಲಿ ಸಿಎನ್‌ಸಿ ಲೇತ್ ಮುಂದೆ ಐಟಿಐ ಹುಡುಗನೊಬ್ಬ ಪಟಪಟ ಗುಂಡಿ ಒತ್ತುತ್ತಿದ್ದ. ಪರದೆ ಮೇಲೆ ಸಾಲು ಸಾಲು ಅಕ್ಷರ, ಅಂಕಿ. "ಜಿ01 ಅಂದ್ರೆ ನೆಟ್ಟಗೆ ಕಟ್ ಮಾಡು, ಎಂ30 ಅಂದ್ರೆ ಪ್ರೋಗ್ರಾಂ ಮುಗೀತು" ಅಂತ ವಿವರಿಸಿದ.

"ಇದು ಕೋಡಿಂಗು!" ಅಂತ ನಮ್ಮ ಹುಡುಗ ಬಾಯಿ ಬಿಟ್ಟ.

"ಅಲ್ಲ, ಟರ್ನಿಂಗು" ಅಂದ ಆ ಹುಡುಗ, ಕೈಗೆ ಹತ್ತಿದ ಎಣ್ಣೆ ಒರೆಸಿಕೊಳ್ಳುತ್ತ.

ಅಜ್ಜ ಏನೂ ಅನ್ನಲಿಲ್ಲ. ಬರುವಾಗ ಖಾರ ಮಂಡಕ್ಕಿ, ಮೆಣಸಿನಕಾಯಿ ಅವರೇ ಕೊಡಿಸಿದರು. ಈಗ ಹುಡುಗ ರಜೆ ಬಂದರೆ ಸಾಕು, ಆ ವರ್ಕ್‌ಶಾಪಿನಲ್ಲೇ ಬಿದ್ದಿರ್ತಾನೆ. ಅಕ್ಕನಿಗೆ ಇನ್ನೂ ಗೊತ್ತಿಲ್ಲ, ನೀವೂ ಹೇಳಬೇಡಿ.