ಚತುಷ್ಕೂಟ ನ್ಯಾಯ ಅಥವಾ ಆರ್‌ಸಿಬಿ ಹರಾಜು ಮೀಮಾಂಸೆ

ಐಪಿಎಲ್‌ನಲ್ಲಿ ಆಡುವ ಹನ್ನೊಂದರಲ್ಲಿ ವಿದೇಶಿಯರು ನಾಲ್ವರನ್ನು ಮೀರಬಾರದು. ಈ ನಿಯಮ ಬಿಸಿಸಿಐನವರ ತಲೆಯಿಂದ ಬಂದದ್ದೆಂದು ಲೋಕ ನಂಬಿಕೊಂಡಿದೆ. ಲೋಕಕ್ಕೆ ದೊಡ್ಡಗದ್ದವಳ್ಳಿ ಗೊತ್ತಿಲ್ಲ, ಅದಕ್ಕೇ ಹಾಗೆ. ಹಾಸನದಿಂದ ಬೇಲೂರು ರಸ್ತೆ ಹಿಡಿದು, ಮುಂದೆ ಒಳದಾರಿಗೆ ಹೊರಳಿ, ಕೆರೆಯ ಬದಿಯ ಲಕ್ಷ್ಮೀದೇವಿ ಗುಡಿಯೊಳಗೆ ಕಾಲಿಟ್ಟವನಿಗೆ ಮೂಲಪ್ರತಿ ಕಲ್ಲಿನಲ್ಲೇ ಸಿಗುತ್ತದೆ: ಒಂದೇ ಮಂಟಪಕ್ಕೆ ಬಾಗಿಲು ತೆರೆದ ನಾಲ್ಕು ಗರ್ಭಗುಡಿಗಳು, ಅದೇ ಚತುಷ್ಕೂಟ. ಮಹಾಲಕ್ಷ್ಮಿ, ಮಹಾಕಾಳಿ, ಶಿವ. ನಾಲ್ಕನೆಯದಕ್ಕೆ ಬೇರೆಯೇ ಪ್ರಬಂಧ ಬೇಕು. ಐದನೆಯದಕ್ಕೆ ಎಷ್ಟು ತಡಕಾಡಿದರೂ ಜಾಗವಿಲ್ಲ. ಕಾಳಿಯ ಬಾಗಿಲ ಎರಡೂ ಕಡೆ ಎಲುಬು ಎಣಿಸಬಹುದಾದ ಬೇತಾಳಗಳು ನಿಂತಿವೆ. ಕೊನೆಯ ನಾಲ್ಕು ಓವರಿಗೆ ಯಾರನ್ನು ನಿಲ್ಲಿಸಬೇಕೆಂಬ ಪ್ರಶ್ನೆಗೆ ಹೊಯ್ಸಳರಲ್ಲಿ ಉತ್ತರವಿತ್ತು. ಬೆಂಗಳೂರಿನವರಿಗೆ ಅದು ಬಹುಕಾಲ ಹೊಳೆಯಲಿಲ್ಲ.

ಸಂಶಯವಾದಿಗಳು ಮಾಲೀಕತ್ವದ ಪ್ರಶ್ನೆ ಎತ್ತುತ್ತಾರೆ. ಅವರ ಬಾಯಿಯನ್ನೂ ಶಾಸನವೇ ಮುಚ್ಚಿಸುತ್ತದೆ. 1113-14ರ ಸುಮಾರಿಗೆ, ವಿಷ್ಣುವರ್ಧನ ಆಳುತ್ತಿದ್ದಾಗ, ಈ ಗುಡಿಗೆ ಹಣ ಹಾಕಿದವನು ಅರಸನಲ್ಲ. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಊರಿಗೆ ಇಟ್ಟ ಹೆಸರು ಅಭಿನವ ಕೊಲ್ಲಾಪುರ. ಅಂದರೆ ಕೊಲ್ಲಾಪುರದ ಮಹಾಲಕ್ಷ್ಮಿಯ ಶಾಖೆಯನ್ನು ಹಾಸನ ಸೀಮೆಯಲ್ಲಿ ತೆರೆದರು. ಇದನ್ನು ಫ್ರಾಂಚೈಸಿ ಎನ್ನದೆ ಇನ್ನೇನೆನ್ನುವುದು? 2008ರಲ್ಲಿ ವಿಜಯ ಮಲ್ಯ 11.16 ಕೋಟಿ ಡಾಲರ್ ಕೊಟ್ಟು ಬೆಂಗಳೂರು ತಂಡ ಹಿಡಿದಾಗ ತಾನೇ ಮೊದಲಿಗನೆಂದು ತಿಳಿದಿದ್ದರೆ ಅದು ಅವರ ಇತಿಹಾಸದ ಮೇಷ್ಟ್ರ ತಪ್ಪು.

ಇನ್ನು ಪ್ರಮಾಣಗಳು. ಪ್ರತ್ಯಕ್ಷವೆಂದರೆ ಟಿವಿ. ಅನುಮಾನವೆಂದರೆ ಟಾಸ್‌ಗೆ ಮುಂಚೆ ಊರೆಲ್ಲ ಹೇಳುವ ಫಲಿತಾಂಶ. ಶಬ್ದಪ್ರಮಾಣವೆಂದರೆ ಟೀ ಅಂಗಡಿ. ಮೂರನೆಯದೇ ಬಲವತ್ತರವೆಂಬುದು ಈ ಪ್ರಬಂಧಕಾರನ ನಿಲುವು. ಅಲ್ಲಿ ಆಪ್ತವಾಕ್ಯದ ಜೊತೆಗೆ ಬೋಂಡವೂ ಸಿಗುತ್ತದೆ.

ಪೂರ್ವಪಕ್ಷಕ್ಕೆ ಬರೋಣ. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ಹರಾಜು ನಡೆದಾಗ ಪ್ರತಿ ತಂಡದ ಚೀಲದಲ್ಲಿದ್ದದ್ದು 120 ಕೋಟಿ. ಆರ್‌ಸಿಬಿ ಮೂವರನ್ನಷ್ಟೇ ಉಳಿಸಿಕೊಂಡಿತು: ಕೊಹ್ಲಿ 21, ರಜತ್ ಪಾಟೀದಾರ್ 11, ಯಶ್ ದಯಾಳ್ 5. ಮಿಕ್ಕ 83 ಕೋಟಿಯನ್ನು ಹೇಗೆ ಖರ್ಚು ಮಾಡಬೇಕೆಂಬುದರ ಮೇಲೆ ಮೂರು ಪಂಥಗಳು ಒಡೆದವು. ‘ಬಿಡಬಾರದಿತ್ತು’ ಪಂಥದ ವಾದಸರಣಿ ಹೀಗೆ:

“ಅಲ್ಲ ಮಾವ, ಸಿರಾಜ್‌ನ ಬಿಟ್ಬಿಟ್ಟು ಕುಂತವ್ರಲ್ಲ, ಆರ್‌ಟಿಎಂ ಕಾರ್ಡು ಕೈಲೇ ಇತ್ತು ತಾನೆ?”

“ಇತ್ತು ಕಣ್ಲಾ. ಹನ್ನೆರಡೂಕಾಲು ಕೋಟಿ ನೀನ್ ಕೊಡ್ತಿದ್ದಾ?”

ಆರ್‌ಟಿಎಂ ಎಂದರೆ ಬೇರೆಯವರು ಕೂಗಿದ ಬೆಲೆಗೆ ಹಳೆ ಆಟಗಾರನನ್ನು ಮರಳಿ ಪಡೆಯುವ ಹಕ್ಕು. ಇಲ್ಲಿ ಮಾವನದು ‘ಗಂಟು ಬಿಚ್ಚಬೇಡ’ ಪಂಥ. ಇದರ ಅನುಯಾಯಿಗಳು ಸ್ವಂತ ಮನೆಯ ಮದುವೆಯಲ್ಲಿ ಸಾಲ ಮಾಡಿಯಾದರೂ ಖರ್ಚು ಮಾಡುವವರು. ಮಲ್ಯ ಹೋಗಿ ಎಷ್ಟೋ ವರ್ಷವಾದರೂ ಮಾಲೀಕರ ಹಣದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಮೂರನೆಯದು ‘ನಮ್ಮವರೆಲ್ಲಿ’ ಪಂಥ. ಅರಸೀಕೆರೆ ತಾಲ್ಲೂಕಿನ ಜಾವಗಲ್ ಊರಿನ ಹೆಸರನ್ನು ಶ್ರೀನಾಥ್ ಜಗತ್ತಿನ ಸ್ಕೋರ್‌ಕಾರ್ಡುಗಳಲ್ಲಿ ಬರೆಸಿದ ಮೇಲೆ ಹಾಸನ ಜಿಲ್ಲೆಯವರಿಗೆ ಆ ಪಂಥ ರಕ್ತಗತ. ಅವರ ಮುಖ್ಯ ದೃಷ್ಟಾಂತ ಕೆ.ಎಲ್. ರಾಹುಲ್. 14 ಕೋಟಿಗೆ ಡೆಲ್ಲಿ ಪಾಲಾದ ರಾಹುಲ್ 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲೇ ಆರ್‌ಸಿಬಿ ಮೇಲೆ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ನಟ್ಟನಡುವೆ ಬ್ಯಾಟು ಊರಿದರು. ‘ಕಾಂತಾರ’ ನೋಡಿದವರಿಗೆ ಟಿಪ್ಪಣಿ ಬೇಕಾಗಲಿಲ್ಲ. ಸೋತದ್ದಕ್ಕೆ ಅಳಬೇಕೋ, ನಮ್ಮ ಹುಡುಗನೆಂದು ಹಿಗ್ಗಬೇಕೋ ತಿಳಿಯದೆ ಆ ರಾತ್ರಿ ಈ ಪಂಥ ಎರಡನ್ನೂ ಮಾಡಿತು.

ಕನ್ನಡಿಗರಿಲ್ಲವೆಂಬ ಅಳಲಿಗೆ ಹೊಯ್ಸಳರ ಕಡೆಯಿಂದ ಒಂದು ಆಕ್ಷೇಪವಿದೆ. ಬೇಲೂರಿನಲ್ಲಿ ಶಿಲ್ಪಗಳ ಕೆಳಗೆ ಹೆಸರು ಕೆತ್ತಿಕೊಂಡ ದಾಸೋಜ, ಅವನ ಮಗ ಚಾವಣ ಇಬ್ಬರೂ ಬಳ್ಳಿಗಾವೆಯವರು. ಕೆಲಸ ಇದ್ದಲ್ಲಿಗೆ ಉಳಿ ಸುತ್ತಿಗೆ ಹೊತ್ತು ಹೋದರು. ಯಾರೂ ಅವರನ್ನು ವೇದಿಕೆಯ ಮೇಲೆ ನಿಲ್ಲಿಸಿ ಕೂಗಿ ಮಾರಲಿಲ್ಲ. ಒಪ್ಪಂದ ಮುಗಿದ ಮೇಲೆ ಹಳೆ ತಂಡಕ್ಕೆ ಬಿಡುಗಾಸೂ ಕೊಡಿಸದೆ ಹೊಸ ತಂಡ ಸೇರುವ ಸ್ವಾತಂತ್ರ್ಯ ಯುರೋಪಿನ ಫುಟ್‌ಬಾಲಿಗರಿಗೆ ಬಂದದ್ದು 1995ರ ಬೋಸ್ಮನ್ ತೀರ್ಪಿನಿಂದ. ಬಳ್ಳಿಗಾವೆಯ ದಾಸೋಜನಿಗೆ ಅದು 12ನೇ ಶತಮಾನದಲ್ಲೇ ಇತ್ತು. ರಾಹುಲ್‌ಗೆ ಇನ್ನೂ ಇಲ್ಲ.

ಹರಾಜೆಂಬ ವಿದ್ಯೆಯೇ ಕೆಳಮಟ್ಟದ್ದೆಂಬುದಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆ ಸಾಕ್ಷಿ. ಅಲ್ಲಿ ಹಳ್ಳಿಕಾರ್ ಜೋಡಿ ಹಿಡಿದು ನಿಂತವನ ಮುಂದೆ ಬಂದ ಗಿರಾಕಿ ಮೊದಲು ತುಟಿ ಎತ್ತಿ ಹಲ್ಲು ನೋಡುತ್ತಾನೆ: ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ. ಆಮೇಲೆ ಸುಳಿ. ಬೆನ್ನ ಮೇಲೆ ಬೇಡದ ಕಡೆ ಒಂದು ಸುಳಿ ಕಂಡರೆ ಎತ್ತು ಆನೆಯಂತಿದ್ದರೂ ವ್ಯಾಪಾರ ಮುರಿಯಿತು. ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಕಡೆಗೆ ದಲ್ಲಾಳಿ ಟವೆಲ್ ಹಾಸುತ್ತಾನೆ, ಅದರ ಕೆಳಗೆ ಬೆರಳು ಬೆರಳು ಹಿಡಿದು ದರ ಮಾತಾಡುತ್ತದೆ, ಪಕ್ಕದವನಿಗೂ ಸುಳಿವಿಲ್ಲ. ಈ ಶಾಸ್ತ್ರ ಬಲ್ಲ ಒಬ್ಬನನ್ನು 2008ರಲ್ಲಿ ಕರೆದೊಯ್ದಿದ್ದರೆ ಆರ್‌ಸಿಬಿ ಬಾಯಿಗೂಡಿದವರನ್ನೇ ಹುಡುಕಿ ಹುಡುಕಿ ತರುತ್ತಿರಲಿಲ್ಲ. ದ್ರಾವಿಡ್, ಕಾಲಿಸ್, ಕುಂಬ್ಳೆ, ಬೌಚರ್, ಚಂದ್ರಪಾಲ್, ಜಾಫರ್: ಐದು ದಿನದ ಉಳುಮೆಗೆ ಇಂಥ ಹೋರಿಗಳು ಭೂಮಿಯ ಮೇಲೆ ಸಿಗಲಾರವು. ಓಡಬೇಕಾಗಿದ್ದದ್ದು ಮೂರು ಗಂಟೆಯ ಪಂದ್ಯ. ಏಪ್ರಿಲ್ 18ರ ಮೊದಲ ರಾತ್ರಿ ಕೋಲ್ಕತ್ತ 222 ಹೊಡೆಯಿತು, ಬೆಂಗಳೂರು 82ಕ್ಕೆ ಮುಗಿಯಿತು. ಬ್ಯಾಟ್ಸ್‌ಮನ್ನರೆಲ್ಲರಿಗಿಂತ ಹೆಚ್ಚು ಹೊಡೆದದ್ದು ಎಕ್ಸ್‌ಟ್ರಾ, 19. ಎಂಟು ತಂಡಗಳಲ್ಲಿ ಏಳನೇ ಸ್ಥಾನ.

ಈಗ ಸಿದ್ಧಾಂತ. ಆರ್‌ಸಿಬಿಗೆ ಹರಾಜಿನಲ್ಲಿ ಸಿಕ್ಕವರಿಗಿಂತ ಹರಾಜಿನಲ್ಲಿ ಬಿಕರಿಯಾಗದವರೇ ಹೆಚ್ಚು ದುಡಿದಿದ್ದಾರೆ. ಇದನ್ನು ಅವಿಕ್ರೀತವಾದವೆಂದು ಕರೆಯಬಹುದು. 2008ರಲ್ಲಿ ಡೆಲ್ಲಿ ತನ್ನದೇ ಊರಿನ ಹುಡುಗನನ್ನು ಬಿಟ್ಟು ಇನ್ನೊಬ್ಬನನ್ನು ಆರಿಸಿಕೊಂಡಿದ್ದರಿಂದ, 19 ವರ್ಷದೊಳಗಿನವರ ಪಟ್ಟಿಯಿಂದ ಕೊಹ್ಲಿ 12 ಲಕ್ಷಕ್ಕೆ ಬಂದರು. 2011ರ ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದ ಗೇಲ್, ಗಾಯಗೊಂಡ ನ್ಯಾನಸ್ ಜಾಗಕ್ಕೆ ಬಂದು ಮೊದಲ ಪಂದ್ಯದಲ್ಲೇ ಶತಕ ಹೊಡೆದರು. 2022ರಲ್ಲಿ ಪಾಟೀದಾರ್ ಹೆಸರು ಕೂಗಿದಾಗ ಒಂದು ಕೈಯೂ ಮೇಲೇಳಲಿಲ್ಲ. ಬದಲಿ ಆಟಗಾರನಾಗಿ ಬಂದು ಎಲಿಮಿನೇಟರ್‌ನಲ್ಲಿ ಔಟಾಗದೆ 112. ಇತ್ತ ಕೂಗಿ ಕೂಗಿ ತಂದವರ ಬೆಲೆಪಟ್ಟಿ: 2014ರಲ್ಲಿ ಯುವರಾಜ್ 14 ಕೋಟಿ, 2017ರಲ್ಲಿ ಟೈಮಲ್ ಮಿಲ್ಸ್ 12 ಕೋಟಿ, 2021ರಲ್ಲಿ ಜೇಮಿಸನ್ 15 ಕೋಟಿ. ಮೂವರನ್ನೂ ತಂಡ ಒಂದೊಂದು ವರ್ಷಕ್ಕೇ ಬಿಟ್ಟುಕೊಟ್ಟಿತು.

ಎದುರಾಳಿ ಇಲ್ಲಿ 2025ರ ಜೂನ್ 3ನ್ನು ಎತ್ತುತ್ತಾನೆ. ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನಿಂದ ಸೋಲಿಸಿದಾಗ ಪಂದ್ಯಪುರುಷನಾದ ಕೃಣಾಲ್ ಪಾಂಡ್ಯ 5.75 ಕೋಟಿಯ ಹರಾಜಿನ ಮಾಲು, ಹೇಜಲ್‌ವುಡ್ 12.50 ಕೋಟಿಯದು. ಒಪ್ಪತಕ್ಕ ಮಾತೇ. ಆದರೆ ಕಪ್ಪು ಎತ್ತಿದ ನಾಯಕ ಯಾರು? ಬಿಕರಿಯಾಗದ ಪಾಟೀದಾರ್. ಅಂದು ಕಣದಲ್ಲಿದ್ದ ಕನ್ನಡಿಗ ಮಯಂಕ್ ಅಗರ್ವಾಲ್ ಕೂಡ ಜೆಡ್ಡಾದಲ್ಲಿ ಬಿಕರಿಯಾಗದೆ, ಪಡಿಕ್ಕಲ್ ಗಾಯಗೊಂಡ ಮೇಲೆ ಬಂದವರು. ‘ನಮ್ಮವರೆಲ್ಲಿ’ ಪಂಥದವರು ಹುಡುಕುತ್ತಿದ್ದದ್ದು ಮಾರಾಟವಾಗದವರ ಪಟ್ಟಿಯಲ್ಲಿತ್ತು. ಇನ್ನು ಸಾಲ್ಟ್, ಲಿವಿಂಗ್‌ಸ್ಟನ್, ಶೆಫರ್ಡ್, ಹೇಜಲ್‌ವುಡ್: ಎಣಿಸಿ ನೋಡಿ, ನಾಲ್ಕು. ಚತುಷ್ಕೂಟ ಭರ್ತಿ.

ಅದಿರಲಿ, ಈ ಗಂಡಸರ ಕಪ್ಪಿಗೆ ಇಷ್ಟು ಸದ್ದು ಯಾಕೆಂಬುದು ದೊಡ್ಡಗದ್ದವಳ್ಳಿಯ ದೇವಿಯರ ಪ್ರಶ್ನೆಯಾದೀತು. ಬೆಂಗಳೂರಿಗೆ ಮೊದಲು ಕಪ್ ತಂದದ್ದು 2024ರ ಮಾರ್ಚಿನಲ್ಲಿ ಹೆಣ್ಣುಮಕ್ಕಳ ತಂಡ. ಆ ಫೈನಲ್‌ನಲ್ಲಿ 12 ರನ್ನಿಗೆ ನಾಲ್ಕು ವಿಕೆಟ್ ಕಿತ್ತ ಕನ್ನಡತಿ ಶ್ರೇಯಾಂಕಾ ಪಾಟೀಲರ ಹರಾಜಿನ ಬೆಲೆ 10 ಲಕ್ಷ. ಈ ಒಂದು ಸಂಗತಿಯ ಮುಂದೆ ಮೂರೂ ಪಂಥಗಳು ಟೀ ಲೋಟ ಕೆಳಗಿಟ್ಟು ಮಾತು ಬದಲಿಸುವುದನ್ನು ಗಮನಿಸಲಾಗಿದೆ.

ಆದಕಾರಣ ಓದುಗರಲ್ಲಿ ಒಂದು ವಿನಂತಿ. ಮುಂದಿನ ಹರಾಜಿನ ರಾತ್ರಿ ಕೋಟಿಗಳ ಕೂಗಾಟ ಮುಗಿಯಿತೆಂದು ಟಿವಿ ಆರಿಸಿ ಮಲಗಬೇಡಿ. ಕಡೆಯಲ್ಲಿ ಬಿಕರಿಯಾಗದವರ ಹೆಸರು ಓದುತ್ತಾರಲ್ಲ, ಅದನ್ನು ಬರೆದಿಟ್ಟುಕೊಳ್ಳಿ.