ಸೌಟಿನ ತೂಕ: ಒಂದು ಶಾಸ್ತ್ರೀಯ ವಿವೇಚನೆ

ಪ್ರತಿಜ್ಞೆ: ಸೌಟಿನ ತೂಕ ಸ್ಥಿರವಲ್ಲ. ಮನೆಯಲ್ಲಿ ಹೂವಿನಷ್ಟು ಹಗುರವಾಗಿದ್ದು ಹೆಂಗಸರ ಕೈಗೆ ಒಗ್ಗಿಕೊಂಡಿರುವ ಸೌಟು, ಮದುವೆ ಛತ್ರದ ಹೊಸ್ತಿಲು ದಾಟಿದ ಕೂಡಲೇ ಭಾರವಾಗಿ ಗಂಡಸಿನ ಕೈ ಸೇರುತ್ತದೆ. ಅಡುಗೆ ಹೆಣ್ಣಿನ ಹುಟ್ಟುಗುಣ ಎಂದು ಸಾರುವ ಪಂಡಿತರು ‘ಅಡುಗೆ ಭಟ್ಟ’ ಏಕೆ ಪುಲ್ಲಿಂಗವೆಂಬ ಬಗ್ಗೆ ಮಾತ್ರ ತುಟಿ ಬಿಚ್ಚುವುದಿಲ್ಲ.

ಪೂರ್ವಪಕ್ಷ: ಛತ್ರದ ಕೊಪ್ಪರಿಗೆ ದೊಡ್ಡದು, ಒಲೆಯ ಝಳ ಜಾಸ್ತಿ. ಅಬಲೆಯರಿಂದ ಆಗದು.

ಇದನ್ನು ಪರೀಕ್ಷಿಸಲು ನಾನು ನೆಂಟರ ಮದುವೆಯೊಂದರ ಹಿಂದಿನ ರಾತ್ರಿ ಛತ್ರದ ಅಡುಗೆಕೋಣೆಗೆ ಕ್ಷೇತ್ರಕಾರ್ಯಕ್ಕೆ ಹೋದೆ. (ಬಿಸಿ ಕಾಫಿ ಉಪಫಲ.) ಭಟ್ಟರು ಸಾರಿನ ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ ‘ಉಪ್ಪು’ ಎಂದರು. ಮೂಲೆಯಲ್ಲಿ ತುರಿಮಣೆ ಹಾಕಿಕೊಂಡು ಒಂದು ಗೋಣಿಚೀಲ ತೆಂಗಿನಕಾಯಿ ತುರಿಯುತ್ತಿದ್ದ ಹೆಂಗಸು ತಲೆ ಎತ್ತದೆಯೇ, ‘ಆಗ್ಲೇ ಹೇಳಿದ್ನಲ್ಲಣ್ಣ’ ಎಂದಳು. ಭಟ್ಟರದು ಕಾಂಟ್ರಾಕ್ಟು, ಆಕೆಯದು ದಿನಗೂಲಿ. ಗೋಣಿಚೀಲದ ತೂಕವನ್ನು ಯಾವ ಶಾಸ್ತ್ರಕಾರನೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಇನ್ನು ಕೊಪ್ಪರಿಗೆಯ ಮಾತು. 2002–03ರಲ್ಲಿ ಅಕ್ಷರ ದಾಸೋಹ ಶುರುವಾದಂದಿನಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಹಿಂಡು ಮಕ್ಕಳಿಗೆ ಅನ್ನ ಬೇಯಿಸಿ, ಸಾಂಬಾರಿನ ಪಾತ್ರೆ ಇಳಿಸುತ್ತಿರುವವರು ಬಹುಪಾಲು ಹೆಂಗಸರೇ. ಪೂರ್ವಪಕ್ಷ ಅಲ್ಲಿಗೆ ಮಗುಚಿಬಿತ್ತು. ಹಾಗಿದ್ದೂ ಅಲ್ಲಿ ಸೌಟು ಹಗುರವಾಗಿಯೇ ಉಳಿದದ್ದೇಕೆ? ಅವರಿಗೆ ಬರುವುದು ಸಂಬಳವಲ್ಲ, ‘ಗೌರವಧನ’. ಅಂಗನವಾಡಿಯವರಿಗೂ ಅದೇ. ಗಂಡಿಗೂ ಹೆಣ್ಣಿಗೂ ಸಮಾನ ವೇತನವೆಂಬ ಕಾನೂನು 1976ರಲ್ಲೇ ಬಂತು, ನಿಜ. ವೇತನವೇ ಅಲ್ಲದ್ದಕ್ಕೆ ಸಮಾನತೆಯನ್ನು ಎಲ್ಲಿಂದ ತರೋಣ?

ವ್ಯಾಕರಣ ವಿಚಾರ: ‘ಗೌರವಧನ’ ಯಾವ ಸಮಾಸ? ತತ್ಪುರುಷ ಎನ್ನೋಣವೆಂದರೆ ಅದರ ಹೊಟ್ಟೆಯಲ್ಲೇ ಪುರುಷನಿದ್ದಾನೆ, ಪಗಾರ ಕೇಳಿಬಿಡುತ್ತಾನೆ. ಗೌರವವೂ ಧನವೂ ಎಂದು ದ್ವಂದ್ವ ಮಾಡಿದರೆ ಎರಡನ್ನೂ ಕೊಡಬೇಕಾದೀತು, ಖಜಾನೆ ತಡೆಯದು. ಆದ್ದರಿಂದ ಇದು ಬಹುವ್ರೀಹಿ: ಗೌರವವೇ ಧನವಾಗಿ ಉಳ್ಳವಳು ಯಾರೋ ಅವಳು. ಶಾಲೆಯಲ್ಲಿ ‘ಹಣೆಗಣ್ಣ’ನನ್ನು ಬಿಡಿಸಿ ಬರೆದವರಿಗೆ ಇದು ಥಟ್ಟನೆ ಹೊಳೆಯಬೇಕಿತ್ತು.

ಈ ವಿಗ್ರಹವಾಕ್ಯಕ್ಕೆ ತಕರಾರು ತೆಗೆದಿರುವವರು ಬಿಸಿಯೂಟದ ಅಮ್ಮಂದಿರೇ. ಹಲವು ಸಲ ರಾತ್ರಿ ಬಸ್ಸು, ರೈಲು ಹಿಡಿದು ಬಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದಾರೆ. ಅವರು ಕೇಳುತ್ತಿರುವುದು ಕನಿಷ್ಠ ವೇತನ.