ಏಳನೇ ಕ್ಲಾಸಿನ ಮಗುವಿಗೆ ಸಂಭವನೀಯತೆ ಅಳವಡಿಸುವ ಕೈಪಿಡಿ: ಠಾಣೆ ಜಿಲ್ಲಾ ಆವೃತ್ತಿ

ಬಳಸುವ ಮುನ್ನ ಪೂರ್ತಿ ಓದಿ. ಓದದೆ ಶುರು ಮಾಡಿದವರು ಮೂರನೇ ದಿನಕ್ಕೆ ಸೋತು ಮಗುವನ್ನು ಟ್ಯೂಷನ್ನಿಗೆ ಅಟ್ಟುತ್ತಾರೆ. ಆಮೇಲೆ ಈ ಕೈಪಿಡಿಯಿಂದ ಅವರಿಗೆ ಏನೂ ಪ್ರಯೋಜನವಿಲ್ಲ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಮನೆಗಳಲ್ಲಿರುವ ಆರರಿಂದ ಎಂಟನೇ ಕ್ಲಾಸಿನ ಮಕ್ಕಳನ್ನು ನೋಡಿಕೊಂಡು ಇದನ್ನು ಬರೆದದ್ದು. ಈ ಮಗು ಮನೆಯಲ್ಲಿ ಕನ್ನಡ ಅಥವಾ ತುಳು ಆಡುತ್ತದೆ, ಲಿಫ್ಟಿನಲ್ಲಿ ಹಿಂದಿ, ಕಾಂಪೌಂಡಿನಲ್ಲಿ ಮರಾಠಿ. ಮಗ್ಗಿ ಮಾತ್ರ ಇಂಗ್ಲಿಷಿನಲ್ಲಿ. ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕಿಸುತ್ತದೆ ಎಂಬುದು ಇಲ್ಲಿನ ಎಷ್ಟೋ ಕನ್ನಡದವರಿಗೇ ಗೊತ್ತಿಲ್ಲ. ಆದರೆ ಪುಸ್ತಕ ಯಾವ ಭಾಷೆಯದಾದರೂ ಸಂಭವನೀಯತೆಯ ಪಾಠಕ್ಕೆ ಬಂದರೆ ಅದೇ ಚೀಲ, ಅದೇ ಮೂರು ಕೆಂಪು ಗೋಲಿ, ಐದು ನೀಲಿ ಗೋಲಿ. ಗೋಲಿ ಕೆಂಪಾದರೆ ಯಾರಿಗೆ ಏನು ಲಾಭ? ಯಾರೂ ಹೇಳುವುದಿಲ್ಲ. ಟಾಸ್ ಸೋತದ್ದಕ್ಕೆ ಊಟ ಬಿಟ್ಟು ಮುನಿಸಿಕೊಳ್ಳುವ ಮಕ್ಕಳು ಮಾತ್ರ ಪ್ರತಿ ಬಿಲ್ಡಿಂಗಿನಲ್ಲೂ ಇದ್ದಾರೆ. ಪಾಠ ಶುರುವಾಗಬೇಕಾದದ್ದು ಆ ಮುನಿಸಿನಿಂದ.

ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ರೂಪಾಯಿಯ ನಾಣ್ಯ, ಹೋದ ವರ್ಷದ ಕ್ಯಾಲೆಂಡರು (ಹಿಂಬದಿ ಖಾಲಿ ಇರಬೇಕು), ಪೆನ್ಸಿಲು, ಆರ್‌ಸಿಬಿಗೆ ನಿಷ್ಠನಾದ ಒಬ್ಬ ಅಪ್ಪ, ಮುಂಬೈ ಇಂಡಿಯನ್ಸಿಗೆ ನಿಷ್ಠೆ ಬದಲಿಸಿದ ಒಂದು ಮಗು. ಕೊನೆಯ ಎರಡನ್ನು ಹೊರಗಿನಿಂದ ತರಿಸಬೇಕಾಗಿಲ್ಲ.

ಈ ಉಪಕರಣಕ್ಕೆ ಇರುವುದು ಒಂದೇ ಗುಂಡಿ. ಮಗು ಯಾವುದೇ ಅಂಕಿ ಹೇಳಿದ ಕೂಡಲೇ ಅದನ್ನು ಒತ್ತಿ: ‘ಎಷ್ಟರಲ್ಲಿ?’ ‘ನಾನು ಸಿಕ್ಸರ್ ಹೊಡೆದೆ.’ ಎಷ್ಟರಲ್ಲಿ? ‘ನಮ್ಮ ಟೀಮ್ ಯಾವಾಗಲೂ ಸೋಲುತ್ತದೆ.’ ಎಷ್ಟರಲ್ಲಿ? ಮೇಲಿನ ಅಂಶವನ್ನು ಎಲ್ಲರೂ ಕೂಗಿ ಹೇಳುತ್ತಾರೆ, ಕೆಳಗಿನ ಛೇದವನ್ನು ಯಾರೂ ಹೇಳುವುದಿಲ್ಲ. ಸಂಖ್ಯಾಶಾಸ್ತ್ರದ ಅರ್ಧ ಕೆಲಸ ಆ ಛೇದವನ್ನು ಹುಡುಕಿ ತರುವುದೇ.

ಸರಾಸರಿ: ಕಲ್ಯಾಣದಲ್ಲಿ ಜೋಡಿಸುವುದು

ಮಗುವನ್ನು ಕಲ್ಯಾಣದ ವಾಯಲೇ ನಗರದ ಮೈದಾನಕ್ಕೆ ಕರೆದೊಯ್ಯಿರಿ. 2016ರ ಜನವರಿ 4 ಮತ್ತು 5ರಂದು, ಭಂಡಾರಿ ಕಪ್ ಅಂತರಶಾಲಾ ಪಂದ್ಯದಲ್ಲಿ, ಕೆ. ಸಿ. ಗಾಂಧಿ ಶಾಲೆಯ ಪ್ರಣವ್ ಧನಾವಡೆ ಇಲ್ಲಿ ಔಟಾಗದೆ 1009 ರನ್ ಹೊಡೆದ. ಅಪ್ಪ ಆಟೋ ಓಡಿಸುತ್ತಿದ್ದ ಹದಿನೈದರ ಹುಡುಗ. ಇಂಗ್ಲೆಂಡಿನ ಎ. ಇ. ಜೆ. ಕಾಲಿನ್ಸ್ ಎಂಬ ಶಾಲಾ ಹುಡುಗ 1899ರಲ್ಲಿ ಮಾಡಿಟ್ಟಿದ್ದ 628ರ ದಾಖಲೆ ನೂರಾ ಹದಿನಾರು ವರ್ಷ ಅಲ್ಲಾಡದೆ ನಿಂತಿತ್ತು. ಅದು ಕಲ್ಯಾಣದಲ್ಲಿ ಬಿತ್ತು. 129 ಬೌಂಡರಿ, 59 ಸಿಕ್ಸರ್. ಓಡಿ ಗಳಿಸಿದ್ದು ಎಷ್ಟೆಂದು ಮಗುವಿಗೇ ಕೂಡಿ ಕಳೆಯಲು ಬಿಡಿ: 516, 354, ಉಳಿದದ್ದು 139. ಅಂದರೆ ನೂರಕ್ಕೆ ಎಂಬತ್ತಾರರಷ್ಟು ರನ್ನು ನಿಂತಲ್ಲೇ ಬಂದದ್ದು. ಶೇಕಡಾವಾರು ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ತಂಡ 3 ವಿಕೆಟಿಗೆ 1465 ಮಾಡಿ ಡಿಕ್ಲೇರ್ ಮಾಡಿಕೊಂಡಿತು. ಎದುರಾಳಿಗಳ ಮೊದಲ ಇನಿಂಗ್ಸ್ 31.

ಈಗ ಗುಂಡಿ ಒತ್ತಿ. ಆ ಇನಿಂಗ್ಸಿನಲ್ಲಿ ಪ್ರಣವನ ಬ್ಯಾಟಿಂಗ್ ಸರಾಸರಿ ಎಷ್ಟು? ಮಗು 1009 ಎನ್ನುತ್ತದೆ. ಅಲ್ಲ. ಕ್ರಿಕೆಟ್ಟಿನಲ್ಲಿ ರನ್ನನ್ನು ಭಾಗಿಸುವುದು ಇನಿಂಗ್ಸಿನಿಂದಲ್ಲ, ಔಟಾದ ಸಲದಿಂದ. ಪ್ರಣವ ಔಟೇ ಆಗಲಿಲ್ಲ. ಛೇದ ಸೊನ್ನೆ. ಸೊನ್ನೆಯಿಂದ ಭಾಗಿಸಬಾರದು ಎಂದು ಐದನೇ ಕ್ಲಾಸಿನಿಂದ ಗಿಳಿಪಾಠ ಒಪ್ಪಿಸುತ್ತಿದ್ದ ಮಗು, ಯಾಕೆ ಬಾರದು ಎಂದು ಮೊದಲ ಸಲ ತಲೆ ಕೆರೆದುಕೊಳ್ಳುವುದು ಇಲ್ಲಿ. ಹಾಗೇ ಬ್ರಾಡ್‌ಮನ್‌ಗೆ ದಾಟಿಕೊಳ್ಳಿ: 80 ಇನಿಂಗ್ಸು, 6996 ರನ್ನು, ಔಟಾಗದೆ ಉಳಿದದ್ದು 10 ಸಲ. ಭಾಗಿಸುವುದು 70ರಿಂದ, ಬರುವುದು ಲೋಕಪ್ರಸಿದ್ಧ 99.94. ಎಂಬತ್ತರಿಂದ ಭಾಗಿಸಿದರೆ 87.45. ಎರಡೂ ಸತ್ಯವೇ, ಕೇಳಿದ ಪ್ರಶ್ನೆ ಬೇರೆ.

ಮಧ್ಯಾಂಕ ಬೇಕೆಂದರೆ ದೂರ ಹೋಗಬೇಡಿ. ಕಾಂಪೌಂಡಿನ ನಾಲ್ಕು ಮಕ್ಕಳ ರನ್ನು 0, 3, 5, 12 ಎಂದಿರಲಿ. ಸರಾಸರಿ 5, ಮಧ್ಯಾಂಕ 4. ಈಗ ಪ್ರಣವನನ್ನು ತಂಡಕ್ಕೆ ಸೇರಿಸಿ. ಸರಾಸರಿ 205.8ಕ್ಕೆ ಹಾರುತ್ತದೆ, ಮಧ್ಯಾಂಕ ಐದಕ್ಕೆ ಸರಿದು ಸುಮ್ಮನಾಗುತ್ತದೆ. ಸೊನ್ನೆ ಹೊಡೆದವನೂ ‘ನಮ್ಮ ಟೀಮಿನ ಸರಾಸರಿ ಇನ್ನೂರ ಐದು’ ಎಂದು ಊರೆಲ್ಲ ಹೇಳಿಕೊಂಡು ಬರಬಹುದು. ತಲಾ ಆದಾಯದ ಸುದ್ದಿಯನ್ನು ಪೇಪರಿನಲ್ಲಿ ಓದುವುದು ಹೇಗೆಂದು ಅಪ್ಪಂದಿರಿಗೂ ಇಲ್ಲೇ ಗೊತ್ತಾಗುತ್ತದೆ.

ಒಂದು ಸೂಚನೆ. ಪ್ರಣವನ ಎದುರಾಳಿ ತಂಡದಲ್ಲಿ ಹಲವರು ತೀರ ಚಿಕ್ಕವರಿದ್ದರು, ಒಂದು ಕಡೆಯ ಬೌಂಡರಿ ಗಿಡ್ಡವಾಗಿತ್ತು ಎಂದು ಆಗಲೇ ಪತ್ರಿಕೆಗಳು ಬರೆದವು. ಇದನ್ನು ಹುಡುಗನ ಸಾಧನೆಯನ್ನು ಹಳಿಯಲು ಬಳಸಬೇಡಿ. ಯಾವ ಮೈದಾನ, ಯಾವ ಎದುರಾಳಿ ಎಂದು ಕೇಳದೆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಡಬಾರದು ಎಂದು ತೋರಿಸಲು ಬಳಸಿ.

ಗಾಯವಿರುವ ದತ್ತಾಂಶ

2008ರ ಏಪ್ರಿಲ್ 18, ಚಿನ್ನಸ್ವಾಮಿ ಕ್ರೀಡಾಂಗಣ, ಐಪಿಎಲ್ಲಿನ ಮೊಟ್ಟಮೊದಲ ಪಂದ್ಯ. ಕೋಲ್ಕತಾದ ಮೆಕಲಮ್ ಒಬ್ಬನೇ ಔಟಾಗದೆ 158. ಉತ್ತರವಾಗಿ ಬೆಂಗಳೂರು: ದ್ರಾವಿಡ್ 2, ಜಾಫರ್ 6, ಕೊಹ್ಲಿ 1, ಕಾಲಿಸ್ 8, ವೈಟ್ 6, ಬೌಚರ್ 7, ಅಖಿಲ್ 0, ನಾಫ್ಕೆ 9, ಪ್ರವೀಣ್ ಕುಮಾರ್ ಔಟಾಗದೆ 18, ಜಹೀರ್ 3, ಸುನಿಲ್ ಜೋಶಿ 3. ಅಪ್ಪ ಇದನ್ನು ಪುಸ್ತಕ ನೋಡದೆ ಹೇಳಬಲ್ಲ. ಹನ್ನೊಂದು ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಲು ಮಗುವಿಗೆ ಹೇಳಿ. ನಡುವೆ ನಿಲ್ಲುವುದು 6. ಒಟ್ಟು 63, ಭಾಗಿಸಿದರೆ 5.7. ಸರಾಸರಿಗೂ ಮಧ್ಯಾಂಕಕ್ಕೂ ಹೆಚ್ಚು ಅಂತರವಿಲ್ಲ. ಸರಾಸರಿಯನ್ನು ಮೇಲೆಳೆಯುವಷ್ಟು ಯಾರೂ ಆಡಲಿಲ್ಲ ಎಂದು ಅದರ ಅರ್ಥ. ಬಹುಲಕ ಎರಡು, 3 ಮತ್ತು 6. ತಂಡದ ಮೊತ್ತ 82 ಆದದ್ದು ಹೇಗೆ ಎಂದು ಮಗು ಕೇಳಿದರೆ ಕಣ್ಣು ತಪ್ಪಿಸದೆ ಹೇಳಿ: ಇತರೆ ರನ್ 19. ಅಂದಿನ ನಮ್ಮ ಅತಿ ಹೆಚ್ಚಿನ ಸ್ಕೋರು ಅದೇ.

ಮೊದಲ ಹದಿನೇಳು ವರ್ಷ ಕಪ್ ಬರಲಿಲ್ಲ. ಶಾಪ, ಜೆರ್ಸಿಯ ಬಣ್ಣ, ವಾಸ್ತು ಎಂದೆಲ್ಲ ಮಾತಾಯಿತು. ಲೆಕ್ಕ ಹಾಕಿ. ಎಂಟು ತಂಡ, ಎಲ್ಲರಿಗೂ ಸಮಾನ ಅವಕಾಶ ಎನ್ನೋಣ (ಕೆಲವು ವರ್ಷ ಒಂಬತ್ತು, ಹತ್ತು ಇದ್ದವು, ಸದ್ಯ ಬಿಡಿ). ಒಂದು ವರ್ಷ ಗೆಲ್ಲದಿರುವ ಸಂಭವ ಎಂಟರಲ್ಲಿ ಏಳು. ಕ್ಯಾಲ್ಕುಲೇಟರಿನಲ್ಲಿ 0.875ನ್ನು ಅದರಿಂದಲೇ ಗುಣಿಸುತ್ತ ಹದಿನೇಳಕ್ಕೆ ಬನ್ನಿ: 0.103. ಬರೀ ಅದೃಷ್ಟದ ಆಟವಾಗಿದ್ದರೂ ಒಂದು ತಂಡ ಹದಿನೇಳು ವರ್ಷ ಬರಿಗೈಯಲ್ಲಿ ಉಳಿಯುವುದು ಹತ್ತರಲ್ಲಿ ಒಂದು. ಎಂಟು ತಂಡದಲ್ಲಿ ಒಂದಕ್ಕಾದರೂ ಹೀಗಾದರೆ ಅಚ್ಚರಿಯೇ ಇಲ್ಲ. ಪಂಜಾಬ್, ದೆಹಲಿ ತಂಡಗಳೂ ಮೊದಲ ವರ್ಷದಿಂದ ಆಡಿ ಹದಿನೆಂಟು ಆವೃತ್ತಿ ಮುಗಿದರೂ ಗೆದ್ದಿರಲಿಲ್ಲ. ಅವರ ಶಾಪದ ಮಾತು ನಾವು ಆಡಿದ್ದಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಬೆಂಗಳೂರು ಕಪ್ ಎತ್ತಿತು. ವಾಸ್ತುವಿನವರು ಅದಕ್ಕೂ ಕಾರಣ ಕೊಟ್ಟಿರುತ್ತಾರೆ.

ಅಪ್ಪ ಸುಲಭಕ್ಕೆ ಬಗ್ಗುವುದಿಲ್ಲ. ‘ಏಪ್ರಿಲ್ 23ರ ವಿಷಯ ಹೇಳು ಹಾಗಾದರೆ’ ಎನ್ನುತ್ತಾನೆ. 2013ರಲ್ಲಿ ಆ ದಿನ ಬೆಂಗಳೂರು 263, ಗೇಲ್ ಒಬ್ಬನದೇ 175. 2017ರಲ್ಲಿ ಅದೇ ದಿನ 49ಕ್ಕೆ ಆಲೌಟ್. 2022ರಲ್ಲಿ ಮತ್ತೆ ಅದೇ ದಿನ 68ಕ್ಕೆ. ಮೂರೂ ನಿಜ. ಗುಂಡಿ ಒತ್ತಿ: ಎಷ್ಟರಲ್ಲಿ? ಋತು ಎಂದರೆ ಹೆಚ್ಚು ಕಡಿಮೆ ಎರಡು ತಿಂಗಳು, ಏಪ್ರಿಲ್ ಕೊನೆ ಬಹುತೇಕ ಪ್ರತಿ ವರ್ಷ ಅದರೊಳಗೆ ಬೀಳುತ್ತದೆ. ಏನೂ ಆಗದ ಏಪ್ರಿಲ್ 22, 24, 25ನ್ನು ಯಾರೂ ನೆನಪಿಡಲಿಲ್ಲ. ಕಾಕತಾಳೀಯವನ್ನು ಹುಡುಕಲು ಹೊರಟವನಿಗೆ ಅದು ಸಿಕ್ಕೇ ಸಿಗುತ್ತದೆ.

ಟಾಸ್ ಪರೀಕ್ಷೆ

ಮನೆಯಲ್ಲಿ ಮಾಡಬಹುದಾದ ಒಂದೇ ನಿಜವಾದ ಪ್ರಯೋಗ ಇದು, ಬಿಡಬೇಡಿ. ನಾಲ್ಕಾರು ಮಕ್ಕಳನ್ನು ಎರಡು ಗುಂಪು ಮಾಡಿ. ಒಂದು ಗುಂಪು ನಾಣ್ಯವನ್ನು ಇಪ್ಪತ್ತು ಸಲ ಚಿಮ್ಮಿ ಬಂದದ್ದನ್ನು ಬರೆಯಲಿ. ಇನ್ನೊಂದು ಗುಂಪು ನಾಣ್ಯ ಮುಟ್ಟದೆ, ಮನಸ್ಸಿಗೆ ಬಂದಂತೆ ಇಪ್ಪತ್ತು ಟಾಸ್ ಕಟ್ಟಿ ಬರೆಯಲಿ. ನೀವು ಹೊರಗೆ ಬಾಲ್ಕನಿಯಲ್ಲಿ ನಿಂತಿರಿ. ಒಳಗೆ ಬಂದು ಹಾಳೆ ನೋಡಿದರೆ ಸುಳ್ಳು ಯಾವುದೆಂದು ಬಹುಪಾಲು ಹೇಳಿಬಿಡಬಹುದು. ಕಟ್ಟಿ ಬರೆದವರು ಹೆಡ್ ಎರಡು ಸಲ ಬಂದ ಕೂಡಲೇ ಹೆದರಿ ಟೇಲ್ ಬರೆದಿರುತ್ತಾರೆ. ನಾಣ್ಯಕ್ಕೆ ಅಂಥ ಹೆದರಿಕೆ ಇಲ್ಲ: ಇಪ್ಪತ್ತು ಸಲದಲ್ಲಿ ಒಂದೇ ಮುಖ ಸಾಲಾಗಿ ನಾಲ್ಕೋ ಹೆಚ್ಚೋ ಸಲ ಬೀಳುವ ಸಂಭವ ಮುಕ್ಕಾಲಿಗಿಂತ ಮೇಲೆ.

ಆಮೇಲೆ ದೊಡ್ಡ ಉದಾಹರಣೆಗೆ ಬನ್ನಿ. 2023ರ ವಿಶ್ವಕಪ್ ಫೈನಲಿನಿಂದ ಹಿಡಿದು ಭಾರತದ ಪುರುಷರ ತಂಡ ಏಕದಿನ ಪಂದ್ಯಗಳಲ್ಲಿ ಸಾಲಾಗಿ 20 ಟಾಸ್ ಸೋತಿತು. ಮೊದಲೇ ಗೊತ್ತುಮಾಡಿದ ಇಪ್ಪತ್ತು ಟಾಸಿಗೆ ಹೀಗಾಗುವುದು 10,48,576ರಲ್ಲಿ ಒಂದು. ಎಲ್ಲ ತಂಡ, ಎಲ್ಲ ಪಂದ್ಯ ಸೇರಿಸಿ ಛೇದವನ್ನು ಎಷ್ಟು ಹಿಗ್ಗಿಸಿದರೂ ಇದು ಅಪರೂಪವೇ, ಸುಳ್ಳು ಹೇಳಬೇಡಿ. ಆದರೆ 2025ರ ಡಿಸೆಂಬರ್ 6ರಂದು ವಿಶಾಖಪಟ್ಟಣದಲ್ಲಿ ನಮ್ಮ ಮಂಗಳೂರಿನ ಕೆ. ಎಲ್. ರಾಹುಲ್ ನಾಣ್ಯ ಕೈಗೆತ್ತಿಕೊಂಡಾಗ ಗೆಲ್ಲುವ ಸಂಭವ ಎಷ್ಟಿತ್ತು? ಅರ್ಧ. ಹಿಂದಿನ ಇಪ್ಪತ್ತನ್ನು ನಾಣ್ಯ ನೆನಪಿಟ್ಟುಕೊಂಡಿರಲಿಲ್ಲ. ರಾಹುಲ್ ಎಡಗೈಯಲ್ಲಿ ಚಿಮ್ಮಿದರು, ಗೆದ್ದರು. ಮರುದಿನ ಕಾಂಪೌಂಡಿನಲ್ಲಿ ಎಲ್ಲರೂ ಎಡಗೈಯವರಾದರೆ ಪಾಠವನ್ನು ಮೊದಲಿನಿಂದ ಶುರು ಮಾಡಿ. ಟಾಸ್ ಸೋತದ್ದಕ್ಕೆ ಆದ ನಷ್ಟವನ್ನೂ ಕೇಳಿ. 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಐದಕ್ಕೆ ಐದು ಟಾಸ್ ಸೋತು ಐದಕ್ಕೆ ಐದು ಪಂದ್ಯ ಗೆದ್ದೆವು. ಅದೇ ವರ್ಷ ನವೆಂಬರ್ 2ರಂದು ನೆರುಳಿನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಮಹಿಳಾ ತಂಡದ ನಾಯಕಿ ಹರ್ಮನ್‌ಪ್ರೀತ್ ಟಾಸ್ ಸೋತರು. ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ವಿಶ್ವಕಪ್ ಎತ್ತಿದರು.

ಸ್ವಂತ ದತ್ತಾಂಶ

ಟೀವಿಯ ಅಂಕಿ ಎಷ್ಟಾದರೂ ಎರವಲು. ಸಂಜೆ ಕೆಳಗೆ ಆಡುವ ಅಂಡರ್‌ಆರ್ಮ್ ಆಟದ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಹದಿನೈದು ದಿನ ಬರೆಸಿ. ಖಾನೆಗಳು: ಎದುರಿಸಿದ ಬಾಲು, ರನ್ನು, ಔಟಾದ ಬಗೆ. ಒಂದು ಟಪ್ಪಾ ಕ್ಯಾಚು, ಮೊದಲ ಮಹಡಿಯ ಗ್ರಿಲ್ಲಿಗೆ ತಗುಲಿದರೆ ಔಟು, ಪಕ್ಕದ ಸೊಸೈಟಿಗೆ ಹೋದರೆ ಔಟೂ ಹೌದು, ಬಾಲು ತರುವುದೂ ಅವನೇ. ಎರಡನೇ ವಾರಕ್ಕೆ ಸಿಕ್ಸರ್ ವೀರ ಎಂಬತ್ತು ಬಾಲಿಗೆ ಮೂರು ಸಿಕ್ಸರಿನವನು ಎಂದು ಹೊರಬೀಳುತ್ತದೆ. ಜಗಳವಾಗುತ್ತದೆ. ಆಗಲಿ, ಛೇದದ ಮೇಲೆ ನಡೆಯುವ ಜಗಳ ಒಳ್ಳೆಯ ಲಕ್ಷಣ.

ಅಪಾಯ! ಮಕ್ಕಳ ಕೈಗೆ ಸಿಗದಂತೆ ಇಡಿ

ಈ ಶಾಸ್ತ್ರ ಹುಟ್ಟಿದ್ದೇ ಜೂಜಿನ ಮಗ್ಗುಲಲ್ಲಿ. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡದ್ದು ಅರ್ಧಕ್ಕೆ ನಿಂತ ಆಟದ ಪಣ ಹಂಚುವುದು ಹೇಗೆಂದು. ಅದಕ್ಕೂ ಎಷ್ಟೋ ಮೊದಲು ನಳನ ಕತೆಯಲ್ಲಿ ಋತುಪರ್ಣ ತಾರೆಮರದ ಕೊಂಬೆಗಳನ್ನು ನೋಡಿ ಎಲೆ, ಕಾಯಿಗಳ ಸಂಖ್ಯೆ ಹೇಳುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿ ನೋಡುತ್ತಾನೆ, ಸರಿಯಾಗಿರುತ್ತದೆ. ಪಗಡೆಯ ಗುಟ್ಟು ಅವನಿಗೆ ಸಿಗುವುದು ಆ ದಾರಿಯಲ್ಲೇ. ರಾಜ್ಯ ಕಳೆದುಕೊಂಡ ಮೇಲೆ ಲೆಕ್ಕ ಕಲಿತವನು ಅವನು. ಮಗು ಮೊದಲೇ ಕಲಿಯಲಿ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟಿನಲ್ಲಿ ಬಂತು. ಚಟಕ್ಕೆ ಹೊಸ ಹೆಸರು ಸಿಗಲು ತಡವಾಗುವುದಿಲ್ಲ. ‘ಪಕ್ಕದ ಮನೆಯ ಅಣ್ಣ ಹತ್ತು ಸಾವಿರ ಗೆದ್ದ’ ಎಂದು ಮಗು ಬಂದು ಹೇಳಿದಾಗ ಯಾವ ಗುಂಡಿ ಒತ್ತಬೇಕೆಂದು ನಿಮಗೆ ಗೊತ್ತಿದೆ.

ಖಾತರಿ

ಪರೀಕ್ಷೆಯ ಅಂಕಕ್ಕೆ ಖಾತರಿ ಇಲ್ಲ. ಜಗತ್ತು ಮೆಚ್ಚಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ. ನಿಮ್ಮ ಮಗುವೂ ಹಾಗಾಗುತ್ತದೆ ಎಂದು ಈ ಕೈಪಿಡಿ ಹೇಳುವುದಿಲ್ಲ. ಆ ಸಂಭವದ ಛೇದ ಬಹಳ ದೊಡ್ಡದು.

ಇನ್ನು ಈ ಭಾಗದ ಕನ್ನಡ ಸಂಘಗಳಿಗೆ ಒಂದು ಕೋರಿಕೆ. ಕ್ರಿಕೆಟ್ ಪಂದ್ಯಾವಳಿ ನಡೆಸಿದ ಮೇಲೆ ಟ್ರೋಫಿ ಕಪಾಟಿಗೆ, ಸ್ಕೋರ್ ಪುಸ್ತಕ ರದ್ದಿಗೆ ಹೋಗುತ್ತದೆ. ಪುಸ್ತಕವನ್ನು ರದ್ದಿಯವನಿಗೆ ಕೊಡಬೇಡಿ. ಹತ್ತಿರದ ಶಾಲೆಯ ಗಣಿತದ ಟೀಚರಿಗೆ ತಲುಪಿಸಿ. ಹೆಸರುಗಳನ್ನು ಅಳಿಸುವುದು ಬೇಡ, ತಮ್ಮ ಮಾಮ ಸೊನ್ನೆಗೆ ಔಟಾದದ್ದನ್ನು ಮಕ್ಕಳು ಬೇಗ ಕಲಿಯುತ್ತಾರೆ.